‘ಇದು ಲಿನಕ್ಸ್‌ನಲ್ಲಿ ರನ್ ಆಗುತ್ತಾ?’: ಒಂದು ಪ್ರಶ್ನೆಯ ಮೂವತ್ತು ವರ್ಷ

ವಿಂಡೋಸ್ ಕಂಪ್ಯೂಟರ್ ಇರುವವರು ಗೇಮ್ ಕೊಳ್ಳುವ ಮುಂಚೆ ಬೆಲೆ ನೋಡುತ್ತಾರೆ, ತಮ್ಮ ಗ್ರಾಫಿಕ್ಸ್ ಕಾರ್ಡ್ ಸಾಕಾಗುತ್ತಾ ಅಂತ ನೋಡುತ್ತಾರೆ. ಅಷ್ಟೇ. ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಇನ್ನೂ ಒಂದು ಕೆಲಸವಿದೆ. ಆ ಗೇಮನ್ನು ಈಗಾಗಲೇ ಲಿನಕ್ಸ್‌ನಲ್ಲಿ ಆಡಿದವರು ಏನು ಬರೆದಿಟ್ಟಿದ್ದಾರೆ ಅಂತ ಹುಡುಕಬೇಕು.

ಆ ಬರಹಗಳು ಹೆಚ್ಚಾಗಿ ನಾಲ್ಕೈದು ಸಾಲಿನವು. ಯಾವ ಕಾರ್ಡ್, ಅದನ್ನು ನಡೆಸುವ ಡ್ರೈವರ್ ಯಾವುದು, ಲಿನಕ್ಸ್‌ನ ಹಲವು ಬಗೆಗಳಲ್ಲಿ ಯಾವುದು. ಮೆನು ಬಂತು, ಸೌಂಡ್ ಬಂತು, ಎರಡನೇ ಲೆವೆಲ್‌ನಲ್ಲಿ ಕ್ರ್ಯಾಶ್ ಆಯ್ತು. ಈ ಸೆಟ್ಟಿಂಗ್ ಬದಲಿಸಿದೆ, ಸರಿಹೋಯ್ತು. ಲಿನಕ್ಸ್ ಗೇಮಿಂಗ್ ಬೆಳೆದ ಕಥೆ ಹೇಳುವಾಗ ಕೋಡ್ ಬರೆದವರನ್ನು, ಹಣ ಹಾಕಿದ ಕಂಪನಿಯನ್ನು ಎಲ್ಲರೂ ನೆನೆಯುತ್ತಾರೆ. ನೆನೆಯಲೇಬೇಕು. ಆದರೆ ಈ ನಾಲ್ಕೈದು ಸಾಲು ಬರೆದಿಟ್ಟು ಹೋದವರ ಪಾಲೂ ಅಷ್ಟೇ ದೊಡ್ಡದು ಅಂತ ನನಗನ್ನಿಸುತ್ತದೆ. ಅದು ಯಾಕೆ ಅಂತ ತಿಳಿಯಬೇಕಾದರೆ ಶುರುವಿನಿಂದ ಬರಬೇಕು.

‘ಡೂಮ್’ 1993ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಹಳೆಯ ವ್ಯವಸ್ಥೆಯಾದ ಡಾಸ್‌ನ ಗೇಮ್ ಆಗಿ ಬಂತು. ಲಿನಕ್ಸ್ ಹುಟ್ಟಿ ಆಗಿನ್ನೂ ಎರಡೇ ವರ್ಷ. ಅದನ್ನು ತಯಾರಿಸಿದ ಐಡಿ ಸಾಫ್ಟ್‌ವೇರ್‌ನ ಡೇವ್ ಟೇಲರ್ 1994ರಲ್ಲಿ ಈ ಗೇಮನ್ನು ಲಿನಕ್ಸ್‌ಗೆ ತಂದರು. ಲಾಭದ ಲೆಕ್ಕ ಹಾಕಿ ಮಾಡಿದ ಕೆಲಸವಲ್ಲ, ಲಿನಕ್ಸ್ ಮೇಲಿನ ಪ್ರೀತಿಗೆ ಮಾಡಿದ್ದು. ಆದರೆ ಅದರ ಫಲ ಎಲ್ಲರಿಗೂ ಸಿಕ್ಕಿತು. 1997ರ ಕೊನೆಯಲ್ಲಿ ಅದೇ ಕಂಪನಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ‘ಡೂಮ್’ನ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ ಡಾಸ್ ಆವೃತ್ತಿಯದ್ದನ್ನು ಕೊಡಲು ಆಗಲಿಲ್ಲ. ಅದರ ಸೌಂಡ್ ಭಾಗ ಬೇರೆಯವರ ಸ್ವತ್ತು. ಹಾಗಾಗಿ ಹೊರಬಂದದ್ದು ಲಿನಕ್ಸ್ ಆವೃತ್ತಿಯ ಕೋಡ್. ಮುಂದೆ ಜನ ‘ಡೂಮ್’ ಅನ್ನು ಸಿಕ್ಕಸಿಕ್ಕ ಯಂತ್ರಗಳಲ್ಲೆಲ್ಲ ಓಡಿಸಿದರಲ್ಲ, ಅದರ ಬೇರು ಇಲ್ಲಿದೆ.

ಆದರೆ ಎಲ್ಲ ಕಂಪನಿಗಳಲ್ಲೂ ಒಬ್ಬ ಡೇವ್ ಟೇಲರ್ ಇರಲಿಲ್ಲ. ವಿಂಡೋಸ್‌ಗೆ ಅಂತ ಬರೆದ ಗೇಮ್ ಪ್ರತಿ ಹೆಜ್ಜೆಗೂ ವಿಂಡೋಸ್‌ ಅನ್ನೇ ಕೇಳುತ್ತದೆ. ಈ ಫೈಲ್ ತೆಗೆ, ಈ ಸೌಂಡ್ ಹಾಕು, ಈ ಚಿತ್ರ ಬಿಡಿಸು. ಚಿತ್ರ ಬಿಡಿಸಲು ಮೈಕ್ರೋಸಾಫ್ಟ್ 1995ರಲ್ಲಿ ಡೈರೆಕ್ಟ್‌ಎಕ್ಸ್ ತಂದಿತು, ಗೇಮ್ ಕಂಪನಿಗಳೆಲ್ಲ ಕ್ರಮೇಣ ಅತ್ತ ವಾಲಿದವು. ಲಿನಕ್ಸ್‌ಗೆ ಆ ಮಾತು ಅರ್ಥವೇ ಆಗುವುದಿಲ್ಲ. ಇದಕ್ಕೆ ಎರಡೇ ದಾರಿ. ಒಂದೋ ಗೇಮನ್ನು ಲಿನಕ್ಸ್‌ಗೆ ತಕ್ಕಂತೆ ಬದಲಿಸಿ ಬರೆಯಬೇಕು, ಅದಕ್ಕೆ ಪೋರ್ಟ್ ಮಾಡುವುದು ಅನ್ನುತ್ತಾರೆ. ಇಲ್ಲವೇ ನಡುವೆ ಒಬ್ಬ ದುಭಾಷಿಯನ್ನು ಕೂರಿಸಬೇಕು.

ಮೊದಲ ದಾರಿ ಹಿಡಿದವರಲ್ಲಿ ಲೋಕಿ ಸಾಫ್ಟ್‌ವೇರ್ ದೊಡ್ಡ ಹೆಸರು. 1998ರಲ್ಲಿ ಸ್ಕಾಟ್ ಡ್ರೇಕರ್ ಕಟ್ಟಿದ ಕಂಪನಿ. ಬೇರೆಯವರ ಗೇಮ್‌ಗಳನ್ನು ಲಿನಕ್ಸ್‌ಗೆ ತಂದು, ಡಬ್ಬಿಯಲ್ಲಿ ಹಾಕಿ ಮಾರುವುದೇ ಅವರ ಕಸುಬು. ‘ಸಿಮ್‌ಸಿಟಿ 3000’, ‘ಕ್ವೇಕ್ 3’ ಹೀಗೆ ಬಂದವು. ದುಡ್ಡು ಮಾತ್ರ ಹುಟ್ಟಲಿಲ್ಲ. 2001ರಲ್ಲಿ ದಿವಾಳಿ, 2002ರ ಜನವರಿಯಲ್ಲಿ ಬಾಗಿಲು ಬಂದ್. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಲೈಬ್ರರಿ ಉಳಿಯಿತು. ಕೀಬೋರ್ಡ್, ಮೌಸ್, ಸೌಂಡ್, ಸ್ಕ್ರೀನ್ ಇವನ್ನೆಲ್ಲ ಯಾವ ವ್ಯವಸ್ಥೆಯಲ್ಲಾದರೂ ಒಂದೇ ರೀತಿ ಬಳಸಲು ಬಿಡುವ ಕೋಡ್ ಅದು. ಇವತ್ತಿಗೂ ಲೆಕ್ಕವಿಲ್ಲದಷ್ಟು ಗೇಮ್‌ಗಳ ಒಳಗೆ ಅದಿದೆ.

ಎರಡನೇ ದಾರಿಯ ಹೆಸರು ವೈನ್. 1993ರಲ್ಲೇ ಶುರುವಾಯಿತು. 1994ರಿಂದ ಅಲೆಕ್ಸಾಂಡರ್ ಜುಲಿಯಾರ್ ಅದರ ಮುಂದಾಳು. ವಿಂಡೋಸ್‌ನ ಒಂದೊಂದು ಕರೆಗೂ ಲಿನಕ್ಸ್‌ನಲ್ಲಿ ಉತ್ತರ ಬರೆಯುತ್ತಾ ಹೋಗುವ ಕೆಲಸ ಅದು. ವೈನ್ ಹಾಕಿದ ಯಾವ ಕಂಪ್ಯೂಟರ್‌ನಲ್ಲಾದರೂ ಬಚ್ಚಿಟ್ಟ ಫೋಲ್ಡರ್‌ಗಳನ್ನು ತೆರೆದು ನೋಡಿ. ‘ಡಾಟ್ ವೈನ್’ ಅಂತ ಒಂದಿರುತ್ತದೆ. ಅದರೊಳಗೆ ‘ಡ್ರೈವ್ ಸಿ’. ಅದರೊಳಗೆ ‘ಪ್ರೋಗ್ರಾಂ ಫೈಲ್ಸ್’, ‘ವಿಂಡೋಸ್’, ಆ ‘ವಿಂಡೋಸ್’ ಒಳಗೆ ‘ಸಿಸ್ಟಂ 32’. ವಿಂಡೋಸ್ ಎಲ್ಲೂ ಇಲ್ಲದ ಯಂತ್ರದಲ್ಲಿ ಪೂರ್ತಿ ಸಿ ಡ್ರೈವ್ ಒಂದು ಎದ್ದು ನಿಂತಿರುತ್ತದೆ. ಗೇಮ್ ಬಂದು ಸುತ್ತ ನೋಡಿದರೆ ತನ್ನ ಮನೆಯಲ್ಲೇ ಇದ್ದೇನೆ ಅಂದುಕೊಳ್ಳಬೇಕು, ಅದೇ ಉದ್ದೇಶ.

ಈ ಮನೆ ಕಟ್ಟಿ ಮುಗಿಯಲು ತುಂಬಾ ಕಾಲ ಹಿಡಿಯಿತು. ವೈನ್ 1.0 ಬಂದದ್ದು 2008ರ ಜೂನ್‌ನಲ್ಲಿ, ಶುರುವಾಗಿ ಹದಿನೈದು ವರ್ಷದ ಮೇಲೆ. ಅಲ್ಲಿಯವರೆಗೂ, ಆಮೇಲೂ, ಯಾವ ಗೇಮ್ ನಡೆಯುತ್ತದೆ ಯಾವುದು ನಡೆಯುವುದಿಲ್ಲ ಎಂದು ಹೇಳಬಲ್ಲವರು ಆಡಿ ನೋಡಿದವರು ಮಾತ್ರ. ಅವರು ವೈನ್‌ನ ಆ್ಯಪ್‌ಡಿಬಿ ಎಂಬ ವರದಿಗಳ ತಾಣದಲ್ಲಿ ಬರೆಯುತ್ತಾ ಬಂದರು. ಸಲೀಸಾಗಿ ಓಡಿದರೆ ಪ್ಲಾಟಿನಂ, ಸ್ವಲ್ಪ ತಿದ್ದಿ ಓಡಿಸಿದರೆ ಚಿನ್ನ, ಆಮೇಲೆ ಬೆಳ್ಳಿ, ಕಂಚು. ಏನೂ ಆಗದಿದ್ದರೆ ‘ಕಸ’. ವೈನ್ ಬರೆಯುವವರು ಎಷ್ಟು ಜನ, ಲೋಕದಲ್ಲಿರುವ ಗೇಮ್‌ಗಳೆಷ್ಟು? ಪ್ರತಿಯೊಂದನ್ನೂ ಅವರೇ ಆಡಿ ನೋಡಲು ಸಾಧ್ಯವೇ ಇರಲಿಲ್ಲ. ಎಲ್ಲಿ ಹರಿದಿದೆ ಅಂತ ಆಟಗಾರರು ತೋರಿಸಿದರು, ಇವರು ಹೊಲಿದರು.

ಈ ವರ್ಷಗಳಲ್ಲಿ ಒಂದು ದೊಡ್ಡ ಜಗಳವೂ ನಡೆಯಿತು. ವೈನ್‌ನಲ್ಲಿ ಆಡಲು ವಿಂಡೋಸ್ ಗೇಮ್ ಕೊಂಡರೆ ಅದು ವಿಂಡೋಸ್ ಮಾರಾಟ ಎಂದೇ ಲೆಕ್ಕ ಸೇರುತ್ತದೆ, ಆಗ ಕಂಪನಿಗಳು ಲಿನಕ್ಸ್‌ಗೆ ಯಾಕೆ ಪೋರ್ಟ್ ಮಾಡುತ್ತವೆ? ಹೀಗೆ ಕೇಳಿದವರು ‘ನೋ ಟಕ್ಸ್, ನೋ ಬಕ್ಸ್’ ಎಂದು ಘೋಷಣೆ ಹಾಕಿದರು. ಟಕ್ಸ್ ಅಂದರೆ ಲಿನಕ್ಸ್‌ನ ಗುರುತಾದ ಪೆಂಗ್ವಿನ್. ಪೆಂಗ್ವಿನ್ ಇಲ್ಲದಿದ್ದರೆ ದುಡ್ಡೂ ಇಲ್ಲ. ಇನ್ನೊಂದು ಕಡೆಯವರ ಮಾತು ಸರಳ: ನನಗೆ ಈ ಗೇಮ್ ಇವತ್ತು ಆಡಬೇಕು. ಇಬ್ಬರ ಮಾತಿನಲ್ಲೂ ಹುರುಳಿತ್ತು. ದುಡ್ಡು ಕೊಡಲು ಲಿನಕ್ಸ್‌ನವರು ಹಿಂದೆ ಮುಂದೆ ನೋಡುವವರಲ್ಲ ಎಂಬುದು 2010ರ ಮೇನಲ್ಲಿ ಗೊತ್ತಾಯಿತು. ಮನಸ್ಸಿಗೆ ಬಂದಷ್ಟು ಕೊಟ್ಟು ಗೇಮ್‌ಗಳ ಕಟ್ಟು ಕೊಳ್ಳಬಹುದಾದ ಹಂಬಲ್ ಇಂಡೀ ಬಂಡಲ್ ಬಂದಾಗ, ಸರಾಸರಿಯಲ್ಲಿ ವಿಂಡೋಸ್‌ನವರಿಗಿಂತ ಜಾಸ್ತಿ ಕೊಟ್ಟವರು ಲಿನಕ್ಸ್‌ನವರು.

2012ರಲ್ಲಿ ಗಾಳಿ ತಿರುಗಿತು. ವಿಂಡೋಸ್ 8 ತನ್ನದೇ ಅಂಗಡಿಯ ಸಮೇತ ಬರುತ್ತಿತ್ತು. ಸ್ಟೀಮ್ ಎಂಬ ಗೇಮ್ ಅಂಗಡಿಯನ್ನು ವಿಂಡೋಸ್ ಮೇಲೆಯೇ ಕಟ್ಟಿದ್ದ ವಾಲ್ವ್ ಕಂಪನಿಗೆ ಅದು ಆತಂಕ ತಂದಿತು. ಅದರ ಮುಖ್ಯಸ್ಥ ಗೇಬ್ ನ್ಯೂವೆಲ್ ವಿಂಡೋಸ್ 8 ಪಿಸಿ ಲೋಕಕ್ಕೇ ಅನಾಹುತ ಎಂದು ಬಹಿರಂಗವಾಗಿ ಹೇಳಿದರು. ವಾಲ್ವ್‌ನವರು ತಮ್ಮ ‘ಲೆಫ್ಟ್ 4 ಡೆಡ್ 2’ ಅನ್ನು ಲಿನಕ್ಸ್‌ನಲ್ಲಿ ಮೊದಲು ಓಡಿಸಿದಾಗ ಸೆಕೆಂಡಿಗೆ ಬಂದದ್ದು ಬರೀ 6 ಫ್ರೇಮ್, ಅಂದರೆ 6 ಚಿತ್ರ. ಗ್ರಾಫಿಕ್ಸ್ ಡ್ರೈವರ್ ಬರೆಯುವವರ ಜೊತೆ ಕೂತು ತಿದ್ದುತ್ತಾ ತಿದ್ದುತ್ತಾ ಆ ಆಗಸ್ಟ್‌ನಲ್ಲಿ 315ಕ್ಕೆ ತಂದರು. ಅದೇ ಯಂತ್ರದಲ್ಲಿ ವಿಂಡೋಸ್ 7 ಕೊಟ್ಟದ್ದು 270.6. ಲಿನಕ್ಸ್ ನಿಧಾನ ಎಂಬ ಹಳೆಯ ಮಾತಿಗೆ ಮೊದಲ ಸಲ ಅಂಕಿಯ ಉತ್ತರ ಸಿಕ್ಕಿತ್ತು.

2013ರ ಫೆಬ್ರವರಿ 14ರಂದು ಸ್ಟೀಮ್ ಲಿನಕ್ಸ್‌ಗೆ ಅಧಿಕೃತವಾಗಿ ಬಂತು. 2015ರ ನವೆಂಬರ್‌ನಲ್ಲಿ ಸ್ಟೀಮ್ ಮಷಿನ್‌ಗಳು ಬಂದವು, ಲಿನಕ್ಸ್ ಹಾಕಿ ಟಿವಿ ಮುಂದೆ ಇಡಲು ಮಾಡಿದ ಪೆಟ್ಟಿಗೆಗಳು. ಅವು ಸೋತವು. ಆಡಲು ಗೇಮ್‌ಗಳೇ ಸಾಲದಾಗಿದ್ದವು. ಕಂಪನಿಗಳನ್ನು ಪೋರ್ಟ್ ಮಾಡಿ ಅಂತ ಕೇಳುತ್ತಾ ಕೂತರೆ ಆಗದು ಎಂಬುದು ಆಗ ಖಚಿತವಾಯಿತು. ದುಭಾಷಿಯ ದಾರಿಯೇ ಗತಿ.

ಆ ದಾರಿಗೆ ಬೇಕಾದ ಒಂದು ತುಂಡು ಬಂದದ್ದು ಒಬ್ಬ ಆಟಗಾರನಿಂದ. ಫಿಲಿಪ್ ರೆಬೋಲೆಗೆ ‘ನಿಯರ್: ಆಟೊಮಾಟಾ’ ಗೇಮನ್ನು ಲಿನಕ್ಸ್‌ನಲ್ಲಿ ಆಡುವ ಆಸೆ. ವೈನ್ ಆಗ ಡೈರೆಕ್ಟ್‌ಎಕ್ಸ್ 11ರ ಮಾತನ್ನು ಹಳೆಯ ಓಪನ್‌ಜಿಎಲ್‌ಗೆ ತಿರುಗಿಸುತ್ತಿತ್ತು, ಅದು ಸರಿಹೋಗುತ್ತಿರಲಿಲ್ಲ. 2016ರಲ್ಲಿ ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ಭಾಷೆ ಬಂದಿತ್ತು, ಕಾರ್ಡಿನ ಜೊತೆ ಇನ್ನೂ ನೇರವಾಗಿ ಮಾತಾಡುವಂಥದ್ದು. ರೆಬೋಲೆ ಡೈರೆಕ್ಟ್‌ಎಕ್ಸ್ 11 ಅನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆಯಲು ಕೂತರು. 2018ರ ಶುರುವಿನಲ್ಲೇ ವಾಲ್ವ್ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಅದೇ ವರ್ಷ ಆಗಸ್ಟ್ 21ರಂದು ವೈನ್, ಡಿಎಕ್ಸ್‌ವಿಕೆ ಎಲ್ಲವನ್ನೂ ಸೇರಿಸಿ ಪ್ರೋಟಾನ್ ಹೆಸರಲ್ಲಿ ಸ್ಟೀಮ್‌ನ ಒಳಗೇ ಇಟ್ಟಿತು. ವೈನ್ ಕೆಲಸದಲ್ಲಿ ಪಳಗಿದ ಕೋಡ್‌ವೀವರ್ಸ್ ಇದರಲ್ಲಿ ಜೊತೆಗಿತ್ತು. ಮೊದಲ ದಿನ ವಾಲ್ವ್ ತಾನೇ ಪರೀಕ್ಷಿಸಿ ಒಪ್ಪಿದ್ದು 27 ಗೇಮ್‌ಗಳನ್ನು. ಅದರಲ್ಲಿ ‘ನಿಯರ್: ಆಟೊಮಾಟಾ’ ಇತ್ತು.

ಮಿಕ್ಕ ಸಾವಿರಾರು ಗೇಮ್‌ಗಳ ಕಥೆ? ಒಂದು ಸೆಟ್ಟಿಂಗ್ ಆನ್ ಮಾಡಿದರೆ ಯಾವುದನ್ನಾದರೂ ಹಾಕಿ ನೋಡಬಹುದಿತ್ತು. ಕೆಲವೇ ದಿನಗಳಲ್ಲಿ ಆಟಗಾರರು ವರದಿಗಳ ರಾಶಿ ಹಾಕಿದರು. ಹಾಗೆ ಹುಟ್ಟಿದ ತಾಣ ಪ್ರೋಟಾನ್‌ಡಿಬಿ. ಹಳೆಯ ಪದಕಗಳೇ ಅಲ್ಲೂ ಬಂದವು, ‘ಕಸ’ದ ಜಾಗದಲ್ಲಿ ಮಾತ್ರ ‘ಬೋರ್ಕ್ಡ್’, ಅಂದರೆ ಪೂರ್ತಿ ಕೆಟ್ಟದ್ದು.

ಈ ವರದಿಗಳಿಂದ ಬೆಳಕಿಗೆ ಬಂದ ತೊಂದರೆಗಳು ಎಂಥವು ಅಂತ ಹತ್ತಿರದಿಂದ ನೋಡಬೇಕು. ಗೇಮ್ ಚೆನ್ನಾಗಿ ಓಡುತ್ತಿರುತ್ತದೆ, ಕಥೆಯ ವಿಡಿಯೋ ಬರಬೇಕಾದ ಕಡೆ ಟಿವಿಯಲ್ಲಿ ಪ್ರಸಾರ ನಿಂತಾಗ ಬರುವಂಥ ಬಣ್ಣದ ಪಟ್ಟಿಗಳು ಬಂದು ನಿಲ್ಲುತ್ತವೆ. ಕಾರಣ, ಆ ವಿಡಿಯೋ ಬಿಚ್ಚುವ ಕೋಡೆಕ್‌ಗೆ ಪೇಟೆಂಟ್ ಇದೆ, ಅದನ್ನು ಪ್ರೋಟಾನ್ ಜೊತೆ ಸುಮ್ನೆ ಹಂಚುವಂತಿಲ್ಲ. ಆಟಗಾರರು ಒಬ್ಬರಿಗೊಬ್ಬರು ಹೇಳಿಕೊಂಡ ಪರಿಹಾರ: ಜಿಇ ಪ್ರೋಟಾನ್ ಹಾಕಿ. ಅದು ವಾಲ್ವ್‌ನದಲ್ಲ, ಹೊರಗಿನ ಒಬ್ಬರು ಹೆಚ್ಚುವರಿ ತಿದ್ದುಪಡಿ ಸೇರಿಸಿ ಹೊರತರುವ ಪ್ರೋಟಾನ್. ಆಮೇಲೆ ವಾಲ್ವ್ ಅಂಥ ವಿಡಿಯೋಗಳನ್ನು ತಾನೇ ಬೇರೆ ರೂಪಕ್ಕೆ ಬದಲಿಸಿ ಗೇಮ್ ಜೊತೆ ಕಳಿಸಲು ಶುರು ಮಾಡಿತು.

ಇನ್ನೊಂದು ತೊಂದರೆ ಕನ್ನಡದವರಿಗೆ ತಟ್ಟನೆ ಹೊಳೆಯದು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತ ಇಲ್ಲವಲ್ಲ. ಇಂಗ್ಲಿಷ್‌ನಲ್ಲಿ ‘ಡೇಟಾ’ ಎಂಬ ಫೋಲ್ಡರ್ ಹೆಸರಿನ ಮೊದಲ ಅಕ್ಷರ ದೊಡ್ಡದಿದ್ದರೂ ಸಣ್ಣದಿದ್ದರೂ ವಿಂಡೋಸ್‌ಗೆ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೋಲ್ಡರ್. ಹಾಗಾಗಿ ಗೇಮ್ ಒಂದು ಫೈಲ್ ಕೇಳಿದಾಗಲೆಲ್ಲ ಆ ಫೋಲ್ಡರ್‌ನಲ್ಲಿರುವ ಹೆಸರುಗಳನ್ನು ವೈನ್ ಹುಡುಕಿ ಹೋಲಿಸಬೇಕಾಗುತ್ತಿತ್ತು. 2019ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.2 ಆವೃತ್ತಿ ಬಂದಾಗ ಈ ವ್ಯತ್ಯಾಸ ನೋಡದ ಫೋಲ್ಡರ್‌ಗಳನ್ನು ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲೇ ಇಡಲು ಅವಕಾಶವಾಯಿತು. ಇಷ್ಟು ಚಿಕ್ಕ ವಿಷಯ ಕರ್ನಲ್‌ನ ತನಕ ಹೋಯಿತು! ಬೇರೆ ಬೇರೆ ಕೆಲಸಗಳು ಒಂದಕ್ಕೊಂದು ಕಾಯುವ ರೀತಿಯಲ್ಲೂ ವಿಂಡೋಸ್‌ಗೂ ಲಿನಕ್ಸ್‌ಗೂ ವ್ಯತ್ಯಾಸವಿತ್ತು. ಅದಕ್ಕೆ ಒಂದಾದ ಮೇಲೊಂದು ತೇಪೆ ಹಾಕಿ, ಕೊನೆಗೆ 2025ರ ಕರ್ನಲ್ 6.14ರಲ್ಲಿ ಎನ್‌ಟಿಸಿಂಕ್ ಎಂಬ ಸರಿಯಾದ ವ್ಯವಸ್ಥೆಯೇ ಸೇರಿತು.

2022ರ ಫೆಬ್ರವರಿ 28ರಂದು ಸ್ಟೀಮ್ ಡೆಕ್ ಬಂತು. ಕೈಯಲ್ಲಿ ಹಿಡಿದು ಆಡುವ ಯಂತ್ರ, ಒಳಗಿರುವುದು ಆರ್ಚ್ ಎಂಬ ಲಿನಕ್ಸ್ ಬಗೆಯ ಮೇಲೆ ಕಟ್ಟಿದ ಸ್ಟೀಮ್‌ಓಎಸ್. ‘ಎಲ್ಡೆನ್ ರಿಂಗ್’ ಅದೇ ವಾರ ಬಿಡುಗಡೆಯಾಗಿತ್ತು. ವಿಂಡೋಸ್‌ನಲ್ಲಿ ಆಡುವವರು ಅದು ತಡವರಿಸುತ್ತದೆ, ನಡುನಡುವೆ ಗಕ್ಕನೆ ನಿಲ್ಲುತ್ತದೆ ಎಂದು ದೂರುತ್ತಿದ್ದರು. ವಾಲ್ವ್‌ನವರು ಪ್ರೋಟಾನ್‌ನಲ್ಲಿ ತಿದ್ದುಪಡಿ ಮಾಡಿ ಡೆಕ್‌ನಲ್ಲಿ ಅದನ್ನು ತಗ್ಗಿಸಿದರು. ದುಭಾಷಿ ನಡುವೆ ಇದ್ದದ್ದು ಈ ಸಲ ಅನುಕೂಲವೇ ಆಯಿತು. ಗೇಮ್‌ನ ಕೋಡ್ ಮುಟ್ಟದೆಯೇ ಸರಿಪಡಿಸಲು ಒಂದು ಜಾಗ ಸಿಕ್ಕಿತ್ತು. 2025ರ ಅಕ್ಟೋಬರ್‌ನಲ್ಲಿ, ವಿಂಡೋಸ್ 10ರ ಬೆಂಬಲ ನಿಂತ ತಿಂಗಳಲ್ಲೇ, ಸ್ಟೀಮ್‌ನ ಸಮೀಕ್ಷೆಯಲ್ಲಿ ಲಿನಕ್ಸ್ ಮೊದಲ ಬಾರಿಗೆ ಶೇ. 3 ದಾಟಿತು. ಸಣ್ಣ ಸಂಖ್ಯೆಯೇ. ಆದರೆ 2010ರ ದಶಕದ ಬಹುಪಾಲು ಅದು ಶೇ. 1ರ ಆಸುಪಾಸಲ್ಲೇ ನಿಂತಿತ್ತು ಎಂಬುದನ್ನು ಮರೆಯಬಾರದು.

ಇನ್ನು ಉಳಿದದ್ದು ಆಂಟಿ-ಚೀಟ್. ಹಲವರು ಒಟ್ಟಿಗೆ ಆಡುವ ಗೇಮ್‌ಗಳಲ್ಲಿ ಮೋಸ ಹಿಡಿಯುವ ಕಾವಲು ಅದು. ಗೇಮ್‌ನ ಮೆಮೊರಿ ಓದಿ ಗೋಡೆಯಾಚೆ ಇರುವವರನ್ನು ತೋರಿಸುವ ಕಳ್ಳ ಪ್ರೋಗ್ರಾಂಗಳನ್ನು ಹಿಡಿಯಲು ಕೆಲವು ಕಾವಲುಗಳು ವಿಂಡೋಸ್‌ನ ಕರ್ನಲ್ ಒಳಗೇ ಹೋಗಿ ಕೂರುತ್ತವೆ. ಪ್ರೋಟಾನ್‌ನಲ್ಲಿ ವಿಂಡೋಸ್ ಕರ್ನಲ್ ಎಂಬುದೇ ಇಲ್ಲ, ಕೂರುವುದೆಲ್ಲಿ? 2021ರ ಸೆಪ್ಟೆಂಬರ್‌ನಲ್ಲಿ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡು ಕಾವಲುಗಳೂ ಪ್ರೋಟಾನ್‌ಗೆ ಬೆಂಬಲ ಕೊಟ್ಟವು. ಆದರೆ ಅದನ್ನು ಆನ್ ಮಾಡುವುದು ಆಯಾ ಗೇಮ್ ಕಂಪನಿಗೆ ಬಿಟ್ಟದ್ದು. ಕೆಲವರು ಮಾಡಿದರು, ಕೆಲವರು ಮಾಡಲಿಲ್ಲ. ‘ಏಪೆಕ್ಸ್ ಲೆಜೆಂಡ್ಸ್’ ಮೊದಲು ಬಿಟ್ಟುಕೊಂಡು, 2024ರ ಅಕ್ಟೋಬರ್ 31ರಂದು ಲಿನಕ್ಸ್‌ನವರಿಗೆ ಬಾಗಿಲು ಮುಚ್ಚಿತು. ಮೋಸಗಾರರು ಲಿನಕ್ಸ್ ದಾರಿಯಲ್ಲಿ ಬರುತ್ತಿದ್ದಾರೆ, ಅಲ್ಲಿ ಹಿಡಿಯುವುದು ಕಷ್ಟ ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷ ‘ಲೀಗ್ ಆಫ್ ಲೆಜೆಂಡ್ಸ್’ ವ್ಯಾನ್‌ಗಾರ್ಡ್ ಎಂಬ ಕರ್ನಲ್ ಮಟ್ಟದ ಕಾವಲಿಗೆ ಹೋಯಿತು. ವೈನ್‌ನಲ್ಲಿ ವರ್ಷಗಟ್ಟಲೆ ಅದನ್ನು ಆಡುತ್ತಿದ್ದವರಿಗೆ ಅಲ್ಲಿಗೆ ಮುಗಿಯಿತು.

ಮೋಸ ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಮೋಸಗಾರರು ತುಂಬಿದ ಗೇಮ್ ಯಾರಿಗೂ ಬೇಡ. ಆದರೆ ನೆಟ್ಟಗೆ ಆಡುತ್ತಿದ್ದವರನ್ನೂ ಒಟ್ಟಿಗೇ ಹೊರಗೆ ಹಾಕುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಇಲ್ಲಿ ಹಳೆಯ ಪದಕಗಳೂ ಸಾಲದೆ ಹೋದವು. ಗೇಮ್ ಕ್ರ್ಯಾಶ್ ಆಗುತ್ತಿಲ್ಲ, ಚಿತ್ರ ಸರಿಯಿದೆ, ಸೌಂಡ್ ಸರಿಯಿದೆ, ಒಳಗೆ ಬಿಡುತ್ತಿಲ್ಲ ಅಷ್ಟೇ. ಹಾಗಾಗಿ ಆಟಗಾರರು ಆಂಟಿ-ಚೀಟ್ ಇರುವ ಗೇಮ್‌ಗಳಿಗೇ ಬೇರೆ ಪಟ್ಟಿ ಮಾಡಿಕೊಂಡಿದ್ದಾರೆ. ಅದರಲ್ಲಿ ‘ಕೆಟ್ಟಿದೆ’ ಎಂಬುದು ಒಂದು ವರ್ಗ, ‘ನಿರಾಕರಿಸಿದ್ದಾರೆ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿರುವ ಗೇಮ್‌ಗಳಿಗೆ ಹೊಸ ಪ್ರೋಟಾನ್ ಬಂದಾಗಲೆಲ್ಲ ಯಾರಾದರೂ ಮತ್ತೆ ಹಾಕಿ ನೋಡಿ ನಾಲ್ಕು ಸಾಲು ಬರೆಯುತ್ತಾರೆ. ಎರಡನೆಯದರಲ್ಲಿರುವವನ್ನು ಹಾಗೆ ತಿದ್ದಿ ಓಡಿಸಲು ಬರುವುದಿಲ್ಲ, ಅವು ಕಂಪನಿ ಮನಸ್ಸು ಬದಲಿಸುವುದನ್ನೇ ಕಾಯಬೇಕು.