ತುಂಬಿದ ಕೈ, ಬರಿಗೈ: ಕ್ರೈಸ್ತ ಸಮರ್ಪಣೆ ನಡೆದು ಬಂದ ಹಾದಿ

ಚುನಾವಣೆ ಬಂದರೆ ಪತ್ರಿಕೆಗಳು ‘ಪ್ರತಿಷ್ಠೆಯ ಕಣ’ ಎಂದು ಬರೆಯುತ್ತವೆ. ದೇವಸ್ಥಾನದಲ್ಲಿ ವಿಗ್ರಹಕ್ಕೆ ಪ್ರಾಣಪ್ರತಿಷ್ಠೆ ನಡೆಯುತ್ತದೆ. ಚರ್ಚಿಗೆ ಹೋದರೆ ಅದೇ ಪದ ಮನುಷ್ಯನಿಗೇ ಅಂಟಿಕೊಳ್ಳುತ್ತದೆ: ‘ನಿನ್ನನ್ನು ದೇವರಿಗೆ ಪ್ರತಿಷ್ಠಿಸಿಕೋ’ ಎನ್ನುತ್ತಾರೆ ಬೋಧಕರು. ಕಣದಲ್ಲಿ ‘ನಾನು’ ದೊಡ್ಡದಾಗಬೇಕು, ಚರ್ಚಿನಲ್ಲಿ ‘ನಾನು’ ಕರಗಬೇಕು. ಪದ ಮಾತ್ರ ಒಂದೇ. ಬಹುಶಃ ಈ ತೊಡಕಿನಿಂದಲೇ ಕನ್ನಡ ಕ್ರೈಸ್ತರು ಮಾತಿನಲ್ಲಿ ‘ಸಮರ್ಪಣೆ’ ಎಂದೋ, ಇನ್ನೂ ಸರಳವಾಗಿ ‘ಒಪ್ಪಿಸಿಕೊಡುವುದು’ ಎಂದೋ ಹೇಳುವುದು ಹೆಚ್ಚು. ಭಕ್ತಿಯನ್ನು ಮತ್ತೆ ಚಿಗುರಿಸಲೆಂದು ಚರ್ಚುಗಳು ನಡೆಸುವ ಉಜ್ಜೀವನ ಕೂಟದ ಕೊನೆಯ ರಾತ್ರಿ ‘ಒಪ್ಪಿಸಿಕೊಡುವವರು ಕೈ ಎತ್ತಿ’ ಎಂಬ ಕರೆ ಬರುತ್ತದೆ. ಕಣ್ಣು ಮುಚ್ಚಿದ ಸಭೆಯಲ್ಲಿ ಒಂದೊಂದಾಗಿ ಕೈಗಳು ಮೇಲೇಳುತ್ತವೆ.

ಎತ್ತಿದ ಆ ಕೈಗಳಲ್ಲಿ ಏನೂ ಇರುವುದಿಲ್ಲ. ಆದರೆ ಈ ಆಚಾರದ ಬೇರು ಇರುವ ಹೀಬ್ರೂ ಭಾಷೆಯಲ್ಲಿ ಯಾಜಕನನ್ನು ಪ್ರತಿಷ್ಠಿಸುವುದಕ್ಕೆ ಇದ್ದ ನುಡಿಗಟ್ಟು ‘ಕೈ ತುಂಬಿಸುವುದು’ ಎಂದು. ಬೈಬಲಿನ ಯಾಜಕಕಾಂಡದ 8ನೇ ಅಧ್ಯಾಯ ಓದಿದರೆ ಅದು ಬರೀ ಮಾತಿನ ಅಲಂಕಾರವಲ್ಲ ಎಂದು ತಿಳಿಯುತ್ತದೆ. ಇಸ್ರಾಯೇಲರ ನಾಯಕ ಮೋಶೆ ಟಗರನ್ನು ವಧಿಸಿ, ಅದರ ರಕ್ತವನ್ನು ಯಾಜಕನಾಗಲಿರುವ ಅಣ್ಣ ಆರೋನನ ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾನೆ. ಕೇಳುವ ಕಿವಿ, ಮಾಡುವ ಕೈ, ನಡೆಯುವ ಕಾಲು. ಬಳಿಕ ಟಗರಿನ ಕೊಬ್ಬು, ಬಲದೊಡೆ, ಪುಟ್ಟಿಯಿಂದ ತೆಗೆದ ಹುಳಿಯಿಲ್ಲದ ರೊಟ್ಟಿ, ಎಣ್ಣೆ ಬೆರೆಸಿದ ರೊಟ್ಟಿ, ಹಪ್ಪಳದಷ್ಟು ತೆಳ್ಳಗಿನ ಇನ್ನೊಂದು ರೊಟ್ಟಿ, ಎಲ್ಲವನ್ನೂ ಆರೋನನ ಮತ್ತು ಅವನ ಮಕ್ಕಳ ಅಂಗೈಗಳ ಮೇಲೆ ಇಡುತ್ತಾನೆ. ನಿವಾಳಿಸುವುದು ಮುಗಿದ ಮೇಲೆ ಅದೇ ಕೈಗಳಿಂದ ತೆಗೆದು ಯಜ್ಞವೇದಿಯ ಮೇಲೆ ಸುಡುತ್ತಾನೆ. ಅಂಗೈಯಲ್ಲಿ ಎಣ್ಣೆಜಿಡ್ಡು ಉಳಿದಿರಬೇಕು. ಬರಿಗೈಯಲ್ಲಿ ಬಂದವರಿಗೆ ಕೊಡುವುದಕ್ಕೆ ಬೇಕಾದದ್ದನ್ನು ಮೊದಲು ಕೈಗೆ ಇಟ್ಟು, ಆಮೇಲೆ ತೆಗೆದುಕೊಳ್ಳಲಾಯಿತು ಎಂಬುದು ನನಗೆ ಈ ಇಡೀ ವಿಧಿಯಲ್ಲಿ ಕಾಣುವ ಸೊಗಸು. ಮುಂದಿನ ಎರಡು ಸಾವಿರ ವರ್ಷಗಳಲ್ಲಿ ಕ್ರೈಸ್ತರು ಪದೇಪದೇ ಮರೆತದ್ದೂ ಇದನ್ನೇ.

ಆ ಕೈಗಳು ಒಂದೇ ಕುಲದ ಗಂಡಸರವು. ಕ್ರಿಸ್ತನ ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಪತ್ರ ಬರೆದಾಗ ಆ ಬೇಲಿ ಮುರಿಯಿತು: ದಾಸರು, ಹೆಂಗಸರು, ವ್ಯಾಪಾರಿಗಳು ಎಲ್ಲರೂ ತಮ್ಮ ದೇಹವನ್ನೇ ಸಜೀವಯಜ್ಞವಾಗಿ ಅರ್ಪಿಸಬೇಕು ಎಂದ. ಆದರೆ ಬೇಲಿ ಮತ್ತೆ ಎದ್ದಿತು. ಈಜಿಪ್ಟಿನ ಅಂತೋನಿ (ಸುಮಾರು 251–356) ತಂದೆತಾಯಿ ತೀರಿಕೊಂಡ ಹೊಸದರಲ್ಲಿ, ‘ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು’ ಎಂಬ ವಾಕ್ಯವನ್ನು ಚರ್ಚಿನಲ್ಲಿ ಕೇಳಿ, ಹೊರಗೆ ಬಂದವನೇ ಪಿತ್ರಾರ್ಜಿತ ಹೊಲಗಳನ್ನು ಊರವರಿಗೆ ಬಿಟ್ಟುಕೊಟ್ಟ. ತಂಗಿಯನ್ನು ಕನ್ಯಾವ್ರತದ ಹೆಂಗಸರ ವಶಕ್ಕೆ ಒಪ್ಪಿಸಿ ಮರುಭೂಮಿಯ ದಾರಿ ಹಿಡಿದ. (ತಂಗಿಯ ಅಭಿಪ್ರಾಯ ಏನಿತ್ತೆಂದು ಅವನ ಚರಿತ್ರೆ ಬರೆದ ಅಥನೇಷಿಯಸ್ ದಾಖಲಿಸುವುದಿಲ್ಲ.) ಅಂತೋನಿಯ ಹಿಂದೆ ಸಾವಿರಾರು ಜನ ಹೋದರು. ಹಾಗೆ ಹೋದವರು ಪೂರ್ಣ ಸಮರ್ಪಿತರು, ಊರಲ್ಲಿ ಉಳಿದು ಉತ್ತು ಬಿತ್ತಿ ಮಕ್ಕಳನ್ನು ಸಾಕಿದವರು ಎರಡನೇ ದರ್ಜೆಯವರು ಎಂಬ ಭಾವನೆ ಮೆಲ್ಲನೆ ಗಟ್ಟಿಯಾಯಿತು.

ದೇವರೊಂದಿಗಿನ ಆಪ್ತತೆಯ ಭಾಷೆ ಬೆಳೆದದ್ದೂ ಮಠದ ಗೋಡೆಯೊಳಗೇ. ಫ್ರಾನ್ಸಿನ ಕ್ಲೇರ್ವೋ ಮಠದ ಬರ್ನಾರ್ಡ್ 1135ರಲ್ಲಿ ಬೈಬಲಿನ ಪ್ರೇಮಕಾವ್ಯವಾದ ಪರಮ ಗೀತೆಯ ಮೇಲೆ ಪ್ರವಚನ ಆರಂಭಿಸಿ, 18 ವರ್ಷಗಳ ನಂತರ ತೀರಿಕೊಳ್ಳುವಾಗ 86 ಪ್ರವಚನ ಮುಗಿಸಿದ್ದ. ತಲುಪಿದ್ದು ಮೂರನೇ ಅಧ್ಯಾಯದ ಆರಂಭಕ್ಕೆ ಮಾತ್ರ. ಮದುಮಗ ಕ್ರಿಸ್ತ, ಮದುಮಗಳು ಆತ್ಮ. ಶರಣಸತಿ ಲಿಂಗಪತಿ ಎಂಬ ಮಾತನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಭಾವ ಹೊಸದೇನಲ್ಲ. ಬರ್ನಾರ್ಡ್ ಬಸವಣ್ಣನವರಿಗೆ ಸರಿಸುಮಾರು ಸಮಕಾಲೀನ ಕೂಡ. ಇಬ್ಬರ ನಡುವೆ ಸಂಬಂಧ ಹುಡುಕುವ ಉಮೇದು ಬೇಡ.

ಗೋಡೆ ಬಿರುಕು ಬಿಟ್ಟದ್ದು ಅಡುಗೆಮನೆಯ ಕಡೆಯಿಂದ. ಸ್ಪೇನಿನ ಆವಿಲಾದ ತೆರೇಸಾ ತನ್ನ ಸನ್ಯಾಸಿನಿಯರಿಗೆ, ನಿಮ್ಮನ್ನು ಅಡುಗೆಗೆ ಹಚ್ಚಿದರೆ ಬೇಸರಪಡಬೇಡಿ, ಪಾತ್ರೆಪಗಡಗಳ ನಡುವೆಯೂ ಕರ್ತನು ಓಡಾಡುತ್ತಾನೆ ಎಂದು ಹೇಳಿದ್ದಳು. ಅದನ್ನು ಅಕ್ಷರಶಃ ಬದುಕಿದವನು ಅವಳದೇ ಕಾರ್ಮೆಲ್ ಎಂಬ ಸನ್ಯಾಸಿ ಪಂಗಡದ ನಿಕೋಲಾ ಎರ್ಮಾನ್, ಅಂದರೆ ಸಹೋದರ ಲಾರೆನ್ಸ್. ಲೊರೇನ್ ಪ್ರಾಂತ್ಯದ ಬಡವ, ಯುದ್ಧದಲ್ಲಿ ಗಾಯಗೊಂಡು ಕುಂಟನಾದ ಸೈನಿಕ. 1640ರಲ್ಲಿ ಪ್ಯಾರಿಸ್ಸಿನ ಮಠ ಸೇರಿದಾಗ ಸಿಕ್ಕಿದ್ದು ಅಡುಗೆ ಕೆಲಸ. ಅವನಿಗೋ ಅಡುಗೆಯೆಂದರೆ ಸ್ವಭಾವತಃ ಆಗದು. ಹದಿನೈದು ವರ್ಷ ಅದನ್ನೇ ಮಾಡಿದ. ಬಾಣಲೆಯಲ್ಲಿ ಆಮ್ಲೆಟ್ ಮಗುಚಿ ಹಾಕುವುದನ್ನೂ ದೇವರ ಪ್ರೀತಿಗಾಗಿ ಮಾಡುತ್ತೇನೆ ಎನ್ನುತ್ತಿದ್ದ. ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳುಹಿಸಿದರು. ವ್ಯವಹಾರ ಗೊತ್ತಿಲ್ಲ, ಕಾಲು ಸರಿಯಿಲ್ಲ. ದೋಣಿಯಲ್ಲಿ ಆಚೀಚೆ ಹೋಗಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕು. ‘ಇದು ನಿನ್ನ ಕೆಲಸ’ ಎಂದು ದೇವರಿಗೆ ಹೇಳಿ ಹೊರಟೆ, ಎಲ್ಲವೂ ಚೆನ್ನಾಗಿಯೇ ನಡೆಯಿತು ಎಂದು ಆಮೇಲೆ ಹೇಳಿದನಂತೆ. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬುದು ಅವನಿಗೆ ಇರಲಿಲ್ಲ. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಮಾತು ಮತ್ತು ಪತ್ರಗಳು ಅಚ್ಚಾದವು. ಈ ಕ್ಯಾಥೊಲಿಕ್ ಅಡುಗೆಯವನನ್ನು ಇಂದು ಹೆಚ್ಚು ಓದುವವರಲ್ಲಿ ಪ್ರೊಟೆಸ್ಟೆಂಟರೂ ಇದ್ದಾರೆ.

ಪ್ರೊಟೆಸ್ಟೆಂಟರದ್ದು ಬೇರೆ ಕಥೆ. ಆ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಲೂಥರ್ 1521ರಲ್ಲಿ ಸನ್ಯಾಸವ್ರತಗಳ ವಿರುದ್ಧವೇ ಬರೆದ, 1525ರಲ್ಲಿ ಮಠ ಬಿಟ್ಟುಬಂದ ಕಾಥರೀನಾಳನ್ನು ಮದುವೆಯಾದ. ಎಲ್ಲ ವಿಶ್ವಾಸಿಗಳೂ ಯಾಜಕರೇ ಎಂಬ ಅವನ ಮಾತು ದೊಡ್ಡದು. ಆದರೆ ನೂರು ವರ್ಷಗಳಲ್ಲಿ ಜರ್ಮನಿಯ ಚರ್ಚುಗಳಲ್ಲಿ ಸಿದ್ಧಾಂತದ ವಾದ ಉಳಿದು ಭಕ್ತಿ ಒಣಗಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ಸ್ಪೇನರ್ ಎಂಬ ಪಾದ್ರಿ 1670ರಿಂದ ಮನೆಯಲ್ಲೇ ಜನರನ್ನು ಸೇರಿಸಿ ಬೈಬಲ್ ಓದಿಸತೊಡಗಿದ. ಒಣ ವಾದಕ್ಕಿಂತ ಹೃದಯದ ಭಕ್ತಿಗೆ ಒತ್ತು ಕೊಟ್ಟ ಚಳವಳಿಗೆ ಪಯಟಿಸಂ ಎಂಬ ಹೆಸರು ಬಂದದ್ದು ಅಲ್ಲಿಂದ. ಆ ಚಳವಳಿಯ ಕುಡಿ ಕೌಂಟ್ ಜಿಂಜೆನ್‌ಡಾರ್ಫ್. 1719ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಡ್ಯುಸೆಲ್‌ಡಾರ್ಫ್‌ನ ಚಿತ್ರಶಾಲೆಯಲ್ಲಿ ಮುಳ್ಳಿನ ಕಿರೀಟದ ಕ್ರಿಸ್ತನ ಚಿತ್ರದ ಮುಂದೆ ನಿಂತ. ಅಡಿಬರಹ ಲ್ಯಾಟಿನ್‌ನಲ್ಲಿತ್ತು: ನಾನು ನಿನಗಾಗಿ ಇದನ್ನು ಮಾಡಿದೆ, ನೀನು ನನಗಾಗಿ ಏನು ಮಾಡುತ್ತಿದ್ದೀಯೆ? ಅವನ ಜಮೀನಿನಲ್ಲಿ ನೆಲೆಸಿದ ಮೊರಾವಿಯಾದ ನಿರಾಶ್ರಿತರು 1727ರಲ್ಲಿ ಗಂಟೆಗೊಬ್ಬರಂತೆ ಪಾಳಿ ಹಚ್ಚಿಕೊಂಡು ಆರಂಭಿಸಿದ ಪ್ರಾರ್ಥನೆ ನೂರು ವರ್ಷ ನಡೆಯಿತು.

ಕನ್ನಡನಾಡಿಗೆ ಈ ಧಾರೆ ಬಂದದ್ದು ಬಾಸೆಲ್ ಮಿಷನ್ ಮೂಲಕ. 1815ರಲ್ಲಿ ಹುಟ್ಟಿದ ಆ ಸಂಸ್ಥೆ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಮುಂದೆ ಬಂದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ, ಕಿಟ್ಟೆಲ್ 1894ರಲ್ಲಿ ನಿಘಂಟು ಮುಗಿಸಿದ. ಇದು ಎಲ್ಲರಿಗೂ ಗೊತ್ತು. ಇವರಲ್ಲಿ ಹಲವರು ಬಂದದ್ದು ವುರ್ಟೆಂಬೆರ್ಗ್‌ನ ಪಯಟಿಸ್ಟ್ ಮನೆಗಳಿಂದ. ‘ಒಪ್ಪಿಸಿಕೊಡುವುದು’ ಅವರಿಗೆ ಭಾವದ ಮಾತಷ್ಟೇ ಆಗಿರಲಿಲ್ಲ. ಎಲ್ಲಿ ಇರಬೇಕು, ಯಾವ ಭಾಷೆ ಕಲಿಯಬೇಕು ಎಂಬುದು ಬಾಸೆಲ್‌ನ ಸಮಿತಿಯ ತೀರ್ಮಾನ. ಮದುವೆಗೂ ಸಮಿತಿಯ ಅಪ್ಪಣೆ ಬೇಕು. ಎಷ್ಟೋ ಸಲ ವಧು ಹಡಗಿನಲ್ಲಿ ಬಂದಿಳಿಯುವವರೆಗೆ ವರ ಆಕೆಯನ್ನು ಸರಿಯಾಗಿ ನೋಡಿಯೂ ಇರುತ್ತಿರಲಿಲ್ಲ. ದೇವರಿಗೆ ಕೊಟ್ಟದ್ದು ಯಾವಾಗ ಸಮಿತಿಗೆ ಕೊಟ್ಟದ್ದಾಗುತ್ತದೆ ಎಂಬ ಪ್ರಶ್ನೆ ಇಲ್ಲಿ ಮೊದಲ ಸಲ ಏಳುವುದಲ್ಲ, ಕೊನೆಯ ಸಲವೂ ಅಲ್ಲ.

ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1755ರ ಆಗಸ್ಟ್ 11ರ ಸಂಜೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ, ದೇವರೊಂದಿಗೆ ಮಾಡಿಕೊಳ್ಳುವ ಒಡಂಬಡಿಕೆಯ ಮಾತುಗಳನ್ನು ಓದಿ ಹೇಳಿದ. ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ಸೂಚಿಸಿದರು. ಇಂದು ಬಳಕೆಯಲ್ಲಿರುವ ರೂಪದಲ್ಲಿ ಆ ಪ್ರಾರ್ಥನೆಯ ಭಾವ ಇದು: ನಾನು ಇನ್ನು ನನ್ನವನಲ್ಲ, ಕೆಲಸಕ್ಕೆ ಹಚ್ಚು ಅಥವಾ ಬದಿಗೆ ಸರಿಸು, ತುಂಬಿರಲಿ, ಬರಿದಾಗಲಿ. ಮೆಥಡಿಸ್ಟರು ಇದನ್ನು ಹೊಸವರ್ಷದ ಹೊತ್ತಿಗೆ ಪ್ರತಿ ವರ್ಷ ಮಾಡುತ್ತಾರೆ. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಬಂದವು. ಒಮ್ಮೆ ಕೊಟ್ಟರೆ ಮುಗಿಯುವುದಲ್ಲ, ವರ್ಷಾವರ್ಷ ನವೀಕರಿಸಬೇಕು ಎಂಬ ವೆಸ್ಲಿಯ ಲೆಕ್ಕಾಚಾರದಲ್ಲಿ ಮನುಷ್ಯಸ್ವಭಾವದ ಪರಿಚಯವಿದೆ.

ಹತ್ತೊಂಬತ್ತನೇ ಶತಮಾನಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ನ್ಯೂಯಾರ್ಕಿನ ಫೀಬಿ ಪಾಮರ್‌ಳ ಹಸುಳೆ ಮಗಳು 1836ರಲ್ಲಿ ತೊಟ್ಟಿಲ ಪರದೆಗೆ ಬೆಂಕಿ ಹತ್ತಿ ತೀರಿಹೋಯಿತು. ಅದಕ್ಕೆ ಮೊದಲೇ ಇಬ್ಬರು ಕೂಸುಗಳನ್ನು ಕಳೆದುಕೊಂಡಿದ್ದ ತಾಯಿ ಆಕೆ. ಮರುವರ್ಷ ಎಲ್ಲವನ್ನೂ ಬಲಿಪೀಠದ ಮೇಲೆ ಇಟ್ಟೆ, ಇಟ್ಟದ್ದನ್ನು ಬಲಿಪೀಠವೇ ಪವಿತ್ರಗೊಳಿಸುತ್ತದೆ, ಭಾವನೆ ಉಕ್ಕುವವರೆಗೆ ಕಾಯಬೇಕಿಲ್ಲ ಎಂದಳು. ನಂಬು, ಈಗಲೇ ಆಯಿತು. ಇವಳ ಬೋಧನೆಯನ್ನು ‘ಅಡ್ಡದಾರಿ’ ಎಂದು ಟೀಕಿಸುವವರು ಆ ತೊಟ್ಟಿಲನ್ನು ಮರೆಯಬಾರದು. ಇಂಗ್ಲೆಂಡಿನ ಫ್ರಾನ್ಸಿಸ್ ಹ್ಯಾವರ್‌ಗಲ್ 1874ರ ಫೆಬ್ರವರಿಯಲ್ಲಿ, ಕೈಕಾಲು, ದನಿ, ಬೆಳ್ಳಿಬಂಗಾರ ಒಂದೊಂದನ್ನೇ ಹೆಸರಿಸಿ ದೇವರಿಗೆ ಕೊಡುವ ಕೀರ್ತನೆ ಬರೆದಳು. ಬರೆದದ್ದು ನಾಲ್ಕು ವರ್ಷಗಳ ನಂತರ ಆಕೆಯನ್ನೇ ಹಿಡಿಯಿತು: ಸುಮಾರು 50 ಒಡವೆಗಳನ್ನು ಪೆಟ್ಟಿಗೆಯ ಸಮೇತ ಮಿಷನ್ ಕಚೇರಿಗೆ ಕಳುಹಿಸಿಕೊಟ್ಟಳು. ಇಷ್ಟು ಸಂತೋಷದಿಂದ ನಾನೆಂದೂ ಪೆಟ್ಟಿಗೆ ಕಟ್ಟಿರಲಿಲ್ಲ ಎಂಬರ್ಥದ ಮಾತು ಆಕೆಯ ಪತ್ರದಲ್ಲಿದೆ.

ಉತ್ತರ ಇಂಗ್ಲೆಂಡಿನ ಸರೋವರ ಸೀಮೆಯ ಕೆಸ್ವಿಕ್‌ನಲ್ಲಿ 1875ರಿಂದ ಡೇರೆ ಹಾಕಿ ನಡೆಸಿದ ಸಮ್ಮೇಳನಗಳು ಇದಕ್ಕೆ ವೇಳಾಪಟ್ಟಿ ಮಾಡಿಕೊಟ್ಟವು: ಮೊದಲು ಪಾಪದ ಅರಿವು, ಆಮೇಲೆ ಶುದ್ಧೀಕರಣ, ವಾರದ ನಡುವೆ ಸಮರ್ಪಣೆ, ಬಳಿಕ ಪವಿತ್ರಾತ್ಮ, ಕೊನೆಗೆ ಸೇವೆ. ನಮ್ಮ ಉಜ್ಜೀವನ ಕೂಟಗಳ ಏರಿಳಿತದಲ್ಲಿ ಇಂದಿಗೂ ಆ ಜಾಡು ಕಾಣುತ್ತದೆ. ಮುಂದೆ ಲಿವರ್‌ಪೂಲಿನ ಬಿಷಪ್ ಆದ ಜೆ.ಸಿ. ರೈಲ್ 1877ರಲ್ಲೇ ಎಚ್ಚರಿಸಿದ: ಪವಿತ್ರತೆ ಒಂದು ಕ್ಷಣದಲ್ಲಿ ಸುಮ್ಮನೆ ಬಿಟ್ಟುಕೊಟ್ಟು ಪಡೆಯುವುದಲ್ಲ, ಬದುಕಿಡೀ ಹೋರಾಡಿ ಬೆಳೆಯುವುದು. ವಾದದಲ್ಲಿ ನಾನು ರೈಲ್ ಕಡೆ. ಆದರೆ ಕೆಸ್ವಿಕ್ ತನ್ನ ಮೊದಲ ಮಿಷನರಿಯಾಗಿ ಕಳುಹಿಸಿದ ಏಮಿ ಕಾರ್ಮೈಕಲ್ ಜಪಾನಿಗೆ ಹೋಗಿ, 1895ರಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ತಿರುನೆಲ್ವೇಲಿ ಸೀಮೆಗೆ ಹೋದವಳು; 1951ರಲ್ಲಿ ಸಾಯುವವರೆಗೆ ತಾಯ್ನಾಡಿಗೆ ಮರಳದೆ ಅಲ್ಲಿ ಮಕ್ಕಳನ್ನು ಸಾಕಿದಳು. ಆ ‘ಒಂದು ಕ್ಷಣ’ ಕೆಲವರಲ್ಲಿ ಐವತ್ತೈದು ವರ್ಷ ಬಾಳಿಕೆ ಬಂದದ್ದೂ ಉಂಟು.

ಆಪ್ತತೆ ಹೆಚ್ಚಾದಾಗ ಸಭೆಗೆ ಅನುಮಾನ ಬರುವುದೂ ಈ ಚರಿತ್ರೆಯ ಭಾಗವೇ. ಅದರ ಒಂದು ಅಧ್ಯಾಯ ನಡೆದದ್ದು ಮಂಗಳೂರಿನಲ್ಲಿ. ನಜರೇತಿನ ಬಳಿಯ ಇಬಿಲಿನ್‌ನಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಎಳವೆಯಲ್ಲೇ ಅನಾಥೆಯಾಗಿ, ಮನೆಗೆಲಸ ಮಾಡುತ್ತ ಫ್ರಾನ್ಸಿಗೆ ಬಂದು ಪೋ ನಗರದ ಕಾರ್ಮೆಲ್ ಮಠ ಸೇರಿದ್ದಳು. ಓದುಬರಹ ಅಷ್ಟಕ್ಕಷ್ಟೇ. 1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟ ತಂಡದೊಂದಿಗೆ ಆಕೆಯೂ ಬಂದಳು. 1871ರ ನವೆಂಬರ್ 21ರಂದು ಅಲ್ಲೇ ವ್ರತ ಸ್ವೀಕರಿಸಿದಳು. ಪ್ರಾರ್ಥನೆಯಲ್ಲಿ ಮೈಮರೆಯುವುದು, ದರ್ಶನಗಳು, ಕೈಕಾಲುಗಳ ಮೇಲೆ ಕ್ರಿಸ್ತನ ಗಾಯದ ಗುರುತುಗಳು: ಮೊದಲು ಮೆಚ್ಚಿದ ಹಿರಿಯರಿಗೇ ಆಮೇಲೆ ಇದು ದೇವರದೋ, ಸೈತಾನನದೋ, ನಟನೆಯೋ ಎಂಬ ಶಂಕೆ ಹುಟ್ಟಿತು. 1872ರಲ್ಲಿ ಆಕೆಯನ್ನು ಪೋಗೆ ವಾಪಸು ಕಳುಹಿಸಿದರು. ಜಗಳವಾಡಲಿಲ್ಲ, ಹೋದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು.

ಕೊನೆಗೆ ಆಕೆ ಬೆತ್ಲೆಹೇಮಿನಲ್ಲಿ ಹೊಸ ಮಠ ಕಟ್ಟಿಸುತ್ತಿದ್ದಳು. ಅರಬ್ಬಿ ಬರುತ್ತಿದ್ದವಳು ಆಕೆಯೇ ಆದ್ದರಿಂದ ಕೆಲಸಗಾರರ ಮೇಲ್ವಿಚಾರಣೆಯೂ ಆಕೆಯದೇ. 1878ರ ಆಗಸ್ಟ್, ಕಡುಬೇಸಗೆ. ಕೂಲಿಯವರಿಗೆ ಕುಡಿಯಲು ನೀರು ಹೊತ್ತು ಹೋಗುತ್ತಿದ್ದಾಗ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು, 26ರಂದು ತೀರಿಕೊಂಡಳು. ವಯಸ್ಸು 32. ಬಿದ್ದಾಗ ಕೈಯಲ್ಲಿ ನೀರು ತುಂಬಿದ ಪಾತ್ರೆ ಇತ್ತು.