ತುತ್ತಿನ ಕೂಲಿಗೆ ಸಿಗರೇಟ್ ತುಂಡು ಹೆಕ್ಕುವ ಕಾಗೆಗಳು

ಸ್ವೀಡನ್ನಿನ ಬೀದಿಗಳಲ್ಲಿ ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಸಿಗರೇಟ್ ತುಂಡುಗಳು ಬೀಳುತ್ತವೆ. ಬೀದಿ ಕಸದಲ್ಲಿ ಶೇ. 62ರಷ್ಟು ಇವೇ ಎಂದು ಅಲ್ಲಿನ ಸ್ವಚ್ಛತಾ ಪ್ರತಿಷ್ಠಾನ ಲೆಕ್ಕ ಕೊಟ್ಟಿದೆ. ಸ್ಟಾಕ್‌ಹೋಮ್ ಬಳಿಯ ಸೋಡರ್ತೆಲ್ಯೆ ಪಟ್ಟಣದಲ್ಲಿ 2022ರಲ್ಲಿ ಒಂದು ಪುಟ್ಟ ಸಂಸ್ಥೆ ಇವನ್ನು ಹೆಕ್ಕಲು ಕಾಗೆಗಳನ್ನು ಹಚ್ಚುವುದಾಗಿ ಪ್ರಕಟಿಸಿತು. ಕಾಗೆ ತುಂಡನ್ನು ತಂದು ಯಂತ್ರದೊಳಗೆ ಹಾಕಬೇಕು; ಯಂತ್ರ ಅದಕ್ಕೆ ಒಂದಿಷ್ಟು ತಿನಿಸು ಕೊಡುತ್ತದೆ. ತುಂಡು ಹೆಕ್ಕುವ ಖರ್ಚಿನಲ್ಲಿ ಮುಕ್ಕಾಲು ಪಾಲು ಉಳಿದೀತೆಂದು ಸಂಸ್ಥೆ ಅಂದಾಜು ಮಾಡಿತ್ತು.

2018ರಲ್ಲಿ ಫ್ರಾನ್ಸಿನ ಪುಯ್ ದು ಫೂ ಉದ್ಯಾನವೂ ಕಾಗೆಯ ಬಳಗದ ಆರು ರೂಕ್ ಹಕ್ಕಿಗಳನ್ನು ಕಸ ಹೆಕ್ಕಲು ಬಿಟ್ಟಿತ್ತು. ಆದರೆ ಅವು ಪಳಗಿಸಿದ ಹಕ್ಕಿಗಳು. ಸ್ವೀಡನ್ನಿನವು ಯಾರೂ ಸಾಕದ, ತಮ್ಮಿಷ್ಟಕ್ಕೆ ಬಂದು ಹೋಗುವ ಕಾಗೆಗಳು.

ಹಿಡಿಯದೆ, ಕಟ್ಟದೆ ಕಲಿಸುವುದು ಹೇಗೆ? ಮೊದಲು ಯಂತ್ರದ ತಟ್ಟೆಯಲ್ಲಿ ತಿನಿಸು ಸುಮ್ಮನೆ ಬಿದ್ದಿರುತ್ತದೆ. ಹಕ್ಕಿಯ ಅಂಜಿಕೆ ಕಳೆದ ಮೇಲೆ, ಯಂತ್ರ ಸದ್ದು ಮಾಡಿದಾಗ ಮಾತ್ರ ತಿನಿಸು ಬೀಳುವಂತೆ ಮಾಡುತ್ತಾರೆ. ಮುಂದೆ ತಟ್ಟೆಯಲ್ಲಿ ಕಸದ ಚೂರುಗಳಷ್ಟೇ ಇರುತ್ತವೆ. ತಿನಿಸು ಹುಡುಕುತ್ತಾ ಕೊಕ್ಕಿನಿಂದ ಕೆದಕುವಾಗ ಚೂರೊಂದು ಆಕಸ್ಮಿಕವಾಗಿ ತೂತಿಗೆ ಬಿದ್ದರೆ, ಆ ಕ್ಷಣವೇ ಊಟ. ಹೀಗೆ ಕ್ರಿಯೆಯನ್ನೂ ಫಲವನ್ನೂ ಹಕ್ಕಿಯೇ ಜೋಡಿಸಿಕೊಳ್ಳುತ್ತದೆ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ವಿವರವಾಗಿ ಅಭ್ಯಸಿಸಿದ ಕಲಿಕೆ ಇದೇ. ಕಾಗೆಗಳು ಒಂದನ್ನೊಂದು ನೋಡಿಯೂ ಕಲಿಯುತ್ತವೆ.

ಅವುಗಳ ಬುದ್ಧಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನ್ಯೂ ಕ್ಯಾಲಿಡೋನಿಯಾದ ಕಾಗೆಗಳು ಇಂತಿಷ್ಟು ಅಳತೆಯ ಕಾಗದಕ್ಕೆ ಮಾತ್ರ ಯಂತ್ರ ತಿನಿಸು ಕೊಡುತ್ತದೆಂದು ಕಲಿತವು. ಆಮೇಲೆ ದೊಡ್ಡ ಹಾಳೆ ಕೊಟ್ಟಾಗ, ಮಾದರಿ ಕಣ್ಣೆದುರು ಇಲ್ಲದಿದ್ದರೂ, ಸರಿಸುಮಾರು ಅದೇ ಅಳತೆಗೆ ಹರಿದುಕೊಂಡವು!

ಈ ಜಾಣತನ ಕಸದ ಯೋಜನೆಯನ್ನೇ ತಲೆಕೆಳಗು ಮಾಡಬಲ್ಲದು. ಅಮೆರಿಕದ ಮಿಸಿಸಿಪಿಯ ಸಂಸ್ಥೆಯೊಂದರಲ್ಲಿ ಡಾಲ್ಫಿನ್‌ಗಳಿಗೆ ಕೊಳದ ಕಸ ತಂದುಕೊಟ್ಟರೆ ಮೀನು ಸಿಗುತ್ತಿತ್ತು. ಕೆಲ್ಲಿ ಎಂಬ ಡಾಲ್ಫಿನ್ ಕಾಗದವನ್ನು ಕಲ್ಲಿನಡಿ ಬಚ್ಚಿಟ್ಟು, ತುಣುಕು ತುಣುಕಾಗಿ ಹರಿದು ತಂದು, ಪ್ರತಿ ತುಣುಕಿಗೂ ಮೀನು ಪಡೆಯಿತು. ಪ್ರಾಣಿ ದುಡಿಯುವುದು ಕೂಲಿಗಾಗಿ, ಕೊಳದ ಸ್ವಚ್ಛತೆಗಾಗಿ ಅಲ್ಲ. ಕಾಗದ ಹರಿಯಬಲ್ಲ ಕಾಗೆಗೆ ಸಿಗರೇಟ್ ತುಂಡನ್ನು ಸೀಳುವುದು ಕಷ್ಟವೇನಲ್ಲ. ಹಾಗಾಗಿ ಯಂತ್ರ ಎಣಿಸಿದರೆ ಸಾಲದು, ಗಾತ್ರವನ್ನೂ ಗುರುತಿಸಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೊಕ್ಕಿಗೆ ತಗಲುವ ವಿಷ. ಸಿಗರೇಟ್ ಫಿಲ್ಟರ್ ಹತ್ತಿಯಂತೆ ಕಂಡರೂ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌. ಸೇದಿದ ಮೇಲೆ ಅದರಲ್ಲಿ ನಿಕೋಟಿನ್ ಮತ್ತು ಭಾರಲೋಹಗಳು ಉಳಿದಿರುತ್ತವೆ. ಮೆಕ್ಸಿಕೋ ನಗರದ ಗುಬ್ಬಚ್ಚಿಗಳೂ ಫಿಂಚ್‌ಗಳೂ ಈ ನಾರನ್ನು ಗೂಡಿಗೆ ಹಾಕಿಕೊಳ್ಳುತ್ತವೆ. ಇಂಥ ಗೂಡುಗಳಲ್ಲಿ ರಕ್ತ ಹೀರುವ ಕ್ರಿಮಿಗಳು ಕಡಿಮೆಯೆಂದು 2012ರಲ್ಲಿ ಅಲ್ಲಿನ ವಿಜ್ಞಾನಿಗಳು ವರದಿ ಮಾಡಿದರು. ಮುಂದಿನ ಅಧ್ಯಯನದಲ್ಲಿ ಮರಿಗಳ ರಕ್ತಕಣಗಳಲ್ಲಿ ಆನುವಂಶಿಕ ಹಾನಿಯೂ ಕಂಡುಬಂತು. ನೆದರ್ಲೆಂಡ್ಸ್‌ನಲ್ಲಿ 2017ರ ಸುಮಾರಿಗೆ ಇಬ್ಬರು ವಿನ್ಯಾಸಕಾರರು ಕಾಗೆಗಳಿಗಾಗಿ ಇಂಥದ್ದೇ ಯಂತ್ರ ರೂಪಿಸಲು ಹೊರಟಾಗ, ಹಕ್ಕಿಗಳ ಆರೋಗ್ಯದ ಈ ಪ್ರಶ್ನೆ ಅವರಿಗೂ ಎದುರಾಗಿತ್ತು, ಯೋಜನೆ ಮುಂದುವರಿಯಲಿಲ್ಲ.

ಬಾಟಲಿ ಮುಚ್ಚಳವನ್ನು ಕಾಗೆ ಹೆಕ್ಕಲಿ, ನನ್ನ ತಕರಾರಿಲ್ಲ. ಸಿಗರೇಟ್ ತುಂಡನ್ನು ಅದರ ಬಾಯಿಗಿಡುವ ಊರು ಮಾತ್ರ, ಯಂತ್ರದ ಬೆಲೆ ವಿಚಾರಿಸುವ ಮುನ್ನ, ಆ ಕಾಗೆಗಳ ರಕ್ತ ಪರೀಕ್ಷೆಗೆ ಹಣ ತೆಗೆದಿರಿಸಬೇಕು.