ಮೊದಲು ಚಿಗಟ ಯಾವುದು ಅಂತ ತಿಳಿಯಲಿ

ಕಾಡುಪ್ರಾಣಿಯ ಮೈಮೇಲೆ ಸಿಕ್ಕ ಚಿಗಟದಲ್ಲಿ ಯಾವ ರೋಗಾಣು ಇದೆ ಎಂದು ಕೇಳುವವರೇ ಜಾಸ್ತಿ. ಅದು ಯಾವ ಚಿಗಟ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಈ ಎರಡನೇ ಪ್ರಶ್ನೆಯೇ ಮೊದಲು ಬರಬೇಕು. ಜಗತ್ತಿನಲ್ಲಿ ಸುಮಾರು 2,500 ಬಗೆಯ ಚಿಗಟಗಳಿವೆ. ಎಲ್ಲವೂ ಒಂದೇ ರೋಗವನ್ನು ಒಂದೇ ರೀತಿ ಹರಡುವುದಿಲ್ಲ.

ಪ್ರಾಣಿ ಸತ್ತು ಮೈ ತಣ್ಣಗಾದರೆ ಚಿಗಟಗಳು ಬಿಟ್ಟು ಹೊರಡುತ್ತವೆ. ಹಾಗಾಗಿ ಸತ್ತ ಪ್ರಾಣಿಯನ್ನು ಕೈಗವಸು ಹಾಕಿಕೊಂಡು ಬೇಗ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಕು. ಬದುಕಿರುವ ಪ್ರಾಣಿಯಾದರೆ ಬಿಳಿ ತಟ್ಟೆಯ ಮೇಲೆ ಹಿಡಿದು ಕೂದಲು ಬಾಚುತ್ತೇವೆ. ಒಂದು ಪ್ರಾಣಿಯ ಚಿಗಟಗಳಿಗೆ ಒಂದೇ ಸೀಸೆ, ಆಲ್ಕೋಹಾಲ್ ತುಂಬಿದ್ದು. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ನಾನು ಮೊದಲು ನೋಡುವುದು ಗಟ್ಟಿ ಮುಳ್ಳುಗಳ ಸಾಲನ್ನು. ಬೆಕ್ಕಿನ ಚಿಗಟಕ್ಕೆ ಈ ಸಾಲು ತಲೆಯ ಕೆಳಗಂಚಿನಲ್ಲೂ ಇರುತ್ತದೆ, ಎದೆಯ ಮೊದಲ ಭಾಗದ ಹಿಂದೆಯೂ ಇರುತ್ತದೆ. ಪ್ಲೇಗ್ ಹರಡುವ ಇಲಿ ಚಿಗಟ ಕ್ಸೆನಾಪ್ಸಿಲ್ಲಾ ಕಿಯೋಪಿಸ್‌ಗೆ ಎರಡೂ ಇಲ್ಲ. ಮನುಷ್ಯರ ಚಿಗಟ ಪ್ಯುಲೆಕ್ಸ್ ಇರಿಟನ್ಸ್‌ಗೂ ಇಲ್ಲ. ಹಾಗಾದರೆ ಇವೆರಡನ್ನು ಬೇರೆ ಮಾಡುವುದು ಹೇಗೆ? ಎದೆಯ ನಡುಭಾಗದ ಪಕ್ಕದಲ್ಲಿ ಕಡ್ಡಿಯಂಥ ಗೆರೆ ಕಂಡರೆ ಅದು ಇಲಿ ಚಿಗಟ. ಇನ್ನೂ ಅನುಮಾನ ಉಳಿದರೆ ಹೆಣ್ಣಿನ ವೀರ್ಯಚೀಲದ ಆಕಾರ ನೋಡುತ್ತೇವೆ. ಗಂಡಿನಲ್ಲಾದರೆ ಕೂಡುವಾಗ ಹೆಣ್ಣನ್ನು ಹಿಡಿಯುವ ಜನನಾಂಗದ ಭಾಗಗಳನ್ನು. ಕಾಡುಪ್ರಾಣಿಯ ಮೇಲೆ ಬೆಕ್ಕಿನ ಚಿಗಟ ಸಿಕ್ಕರೆ, ಆ ಪ್ರಾಣಿ ಸಾಕುಪ್ರಾಣಿಗಳ ಹತ್ತಿರ ಸುಳಿದಿರಬಹುದು ಎಂಬ ಸುಳಿವೂ ಸಿಗುತ್ತದೆ.

ಇಲ್ಲೊಂದು ತೊಡಕಿದೆ. ಸ್ಲೈಡ್ ಚೆನ್ನಾಗಿ ಕಾಣಲು ಚಿಗಟವನ್ನು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕ್ಷಾರದಲ್ಲಿ ನೆನೆಸಿದರೆ ಒಳಗಿನ ಮೆದು ಭಾಗವೆಲ್ಲ ಕರಗಿ, ರೋಗಾಣು ಹುಡುಕಲು ಬೇಕಾದ ಡಿಎನ್‌ಎಯೂ ಹಾಳಾಗುತ್ತದೆ. ಆ ಡಿಎನ್‌ಎಗಾಗಿ ಇಡೀ ಚಿಗಟವನ್ನು ಅರೆದರೆ ಗುರುತಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಹೊಟ್ಟೆಗೆ ಸಣ್ಣದಾಗಿ ಗಾಯ ಮಾಡಿ, ಪ್ರೊಟೀನ್ ಕರಗಿಸುವ ಪ್ರೊಟೀನೇಸ್ ಕೆ ಎಂಬ ಕಿಣ್ವ ಇರುವ ದ್ರಾವಣದಲ್ಲಿಟ್ಟು ಡಿಎನ್‌ಎ ತೆಗೆಯುತ್ತೇವೆ. ಚಿಪ್ಪು ಹಾಗೇ ಉಳಿಯುತ್ತದೆ. ಅದನ್ನೇ ಸ್ಲೈಡ್ ಮಾಡಿ ಜೋಪಾನವಾಗಿ ಇಡುತ್ತೇವೆ. ಫಲಿತಾಂಶದ ಬಗ್ಗೆ ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಅದೇ ಚಿಗಟವನ್ನು ತೋರಿಸಬಹುದು, ಅಲ್ವಾ?

ಚಿಗಟಗಳಲ್ಲಿ ಸಿಗುವ ಬಾರ್ಟೊನೆಲ್ಲಾ, ರಿಕೆಟ್ಸಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾಗಳನ್ನು ಹುಡುಕಲು ಅವುಗಳ ಜಿಎಲ್‌ಟಿಎ ಎಂಬ ಜೀನ್‌ನ ಪಿಸಿಆರ್ (ಡಿಎನ್‌ಎ ತುಣುಕನ್ನು ಪತ್ತೆಗೆ ಸಾಕಾಗುವಷ್ಟು ಹೆಚ್ಚಿಸುವ ಪರೀಕ್ಷೆ) ಮಾಡುವುದು ರೂಢಿ. ಪ್ಲೇಗ್‌ಗೆ ಪಿಎಲ್‌ಎ ಜೀನ್. ಆದರೆ ಅದೊಂದನ್ನೇ ನಂಬಬೇಡಿ. ಅದನ್ನು ಹೋಲುವ ಜೀನ್ ಬೇರೆ ಬ್ಯಾಕ್ಟೀರಿಯಾಗಳಲ್ಲೂ ಸಿಕ್ಕಿದೆ. ಎರಡನೇ ಜೀನ್ ನೋಡಿ, ಡಿಎನ್‌ಎ ಅಕ್ಷರಗಳ ಅನುಕ್ರಮವನ್ನೂ ಓದಿಸಿ.

ಪಾಸಿಟಿವ್ ಬಂದಮೇಲೂ ಆತುರ ಬೇಡ. ಚಿಗಟದ ಹೊಟ್ಟೆಯಲ್ಲಿರುವುದು ಪ್ರಾಣಿಯ ರಕ್ತ. ಬ್ಯಾಕ್ಟೀರಿಯಾ ಆ ರಕ್ತದ ಜೊತೆ ಸುಮ್ನೆ ಬಂದಿರಬಹುದು. ಸಾಧ್ಯವಾದರೆ ಅದೇ ಪ್ರಾಣಿಯ ರಕ್ತವನ್ನೂ ಪರೀಕ್ಷಿಸಿ. ವರದಿಯಲ್ಲಿ ‘ಈ ಚಿಗಟ ರೋಗ ಹರಡುತ್ತದೆ’ ಎನ್ನಬೇಡಿ, ‘ಈ ಚಿಗಟದಲ್ಲಿ ಡಿಎನ್‌ಎ ಸಿಕ್ಕಿದೆ’ ಎಂದಷ್ಟೇ ಬರೆಯಿರಿ.